ನಿಂತುಹೋದ ಹಳೆಯ ಆಟಿಕೆ ರೈಲಿಗೆ ಕೊಬ್ಬರಿ ಎಣ್ಣೆ ಬಿಟ್ಟರೆ ಮತ್ತೆ ಓಡುತ್ತದೆಯೇ?

“ಹಳೆಯ ಕರೆಂಟ್ ಆಟಿಕೆ ರೈಲು ನಿಂತಿದೆಯೇ? ಬಿಸಾಡಬೇಡಿ! ಗಾಲಿಗೆ ಕೊಬ್ಬರಿ ಎಣ್ಣೆ ಬಿಡಿ, ಹಳಿಯನ್ನು ಸ್ಯಾಂಡ್ ಪೇಪರ್‌ನಿಂದ ಉಜ್ಜಿ, ಹಳೆಯ ಮೊಬೈಲ್ ಚಾರ್ಜರ್ ವೈರ್ ಕತ್ತರಿಸಿ ಹಳಿಗೆ ಜೋಡಿಸಿ. ಐದೇ ನಿಮಿಷದಲ್ಲಿ ಓಡುತ್ತೆ. ಎಲ್ಲಾ ಗ್ರೂಪ್‌ಗೂ ಕಳಿಸಿ.”

ಈ ಮೆಸೇಜನ್ನು ನಮಗೆ ಕಳಿಸಿದವರು ಹಂಸಭಾವಿಯ ಹಿರಿಯ ಓದುಗರೊಬ್ಬರು. ಜೊತೆಗೆ ಅಂಗೈ ಅಗಲದ ಕಪ್ಪು ಎಂಜಿನ್ನಿನ ಫೋಟೋ. ಕೆಳಗೆ ಅವರ ಪ್ರಶ್ನೆ: “ಇದು ಖರೇ ಏನ್ರಿ? ಎಣ್ಣಿ ಆಗ್ಲೇ ಬಿಟ್ಟೇವಿ. ಮದ್ಲ ಗುಂಯ್ ಅಂತಿತ್ತು, ಈಗ ಅದೂ ಇಲ್ಲ. ಮೊಮ್ಮಗ ಚಾರ್ಜರ್ ವೈರ್ ಕತ್ತರಸಾಕ ಕುಂತಾನ.”

ಕೊನೆಯ ಸಾಲು ಓದಿದ ಕೂಡಲೇ ನಾವು ಫೋನ್ ಮಾಡಿದೆವು. ವೈರ್ ಕತ್ತರಿಸುವುದು ನಿಂತಿತು. ಮುಂದಿನ ಭಾನುವಾರ ನಾವೇ ಅವರ ಮನೆಗೆ ಹೋಗಿ ಎಂಜಿನ್ ಬಿಚ್ಚಿ ನೋಡಿದೆವು. ನಿಮ್ಮ ಮನೆಯ ಅಟ್ಟದ ಮೇಲೂ ಇಂಥದ್ದೊಂದು ರೈಲು ಇರಬಹುದು. ಹಾಗಾಗಿ ಮೆಸೇಜಿನ ಒಂದೊಂದು ಮಾತನ್ನೂ ಇಲ್ಲಿ ಪರಿಶೀಲಿಸೋಣ.

ಮೊದಲು ಚುಟುಕಾಗಿ ಉತ್ತರ

ಅಡುಗೆ ಎಣ್ಣೆ: ತಪ್ಪು. ಸ್ಯಾಂಡ್ ಪೇಪರ್: ತಪ್ಪು. ಚಾರ್ಜರ್ ವೈರ್: ಅಪಾಯ. “ಬಿಸಾಡಬೇಡಿ” ಎನ್ನುವುದು ಮಾತ್ರ ಸರಿ. ನಿಂತುಹೋದ ಬಹುತೇಕ ಹಳೆಯ ಎಂಜಿನ್‌ಗಳು ಸತ್ತಿರುವುದಿಲ್ಲ, ಕೊಳೆಯಿಂದ ಉಸಿರು ಕಟ್ಟಿರುತ್ತವೆ. ಕೊಳೆ ತೆಗೆದರೆ ಓಡುತ್ತವೆ. ಆದರೆ ಕ್ರಮ ತಪ್ಪಿದರೆ ಕೊಳೆಯ ಜೊತೆ ಎಂಜಿನ್ನೂ ಹೋಗುತ್ತದೆ.

ಈ ಎಂಜಿನ್ ಓಡುವುದು ಹೇಗೆ?

ಹಂಸಭಾವಿಯಲ್ಲಿ ರೈಲ್ವೆ ನಿಲ್ದಾಣವಿಲ್ಲ. ನಿಜವಾದ ರೈಲು ನೋಡಬೇಕೆಂದರೆ ಬ್ಯಾಡಗಿ, ಹಾವೇರಿ ಅಥವಾ ರಾಣೆಬೆನ್ನೂರಿಗೆ ಹೋಗಬೇಕು. ಈ ಮನೆಯ ಮಕ್ಕಳು ನೋಡಿದ ಮೊದಲ ರೈಲು ಪಡಸಾಲೆಯ ನೆಲದ ಮೇಲೆ ಓಡಿತ್ತು. ನಮ್ಮ ಓದುಗರ ಅಣ್ಣ ಇಂಗ್ಲೆಂಡಿನಲ್ಲಿ ಕೆಲಸಕ್ಕಿದ್ದಾಗ ತಂದಿದ್ದ ಸೆಟ್ ಅದು. ಅಣ್ಣ ಈಗಿಲ್ಲ.

ಡಬ್ಬಿಯ ಮೇಲೆ ‘ಟ್ರೈ-ಆಂಗ್ ಹಾರ್ನ್‌ಬಿ’ ಎಂದಿತ್ತು. ಈ ಹೆಸರೇ ವಯಸ್ಸು ಹೇಳುತ್ತದೆ. ಬ್ರಿಟನ್ನಿನ ಲಿವರ್‌ಪೂಲ್‌ನಲ್ಲಿ ಫ್ರಾಂಕ್ ಹಾರ್ನ್‌ಬಿ ಅವರ ಕಂಪನಿ 1920ರಲ್ಲಿ ಕೀಲಿ ಕೊಡುವ ಆಟಿಕೆ ರೈಲುಗಳನ್ನು ಮಾರತೊಡಗಿತು. 1964ರಲ್ಲಿ ಆ ಕಂಪನಿ ಪ್ರತಿಸ್ಪರ್ಧಿಯಾದ ಟ್ರೈ-ಆಂಗ್ ಬಳಗದ ಪಾಲಾಯಿತು. 1965ರಿಂದ ಕೆಲವು ವರ್ಷ ಎರಡೂ ಹೆಸರು ಸೇರಿಸಿ ಮಾರಿದರು. 1972ರಲ್ಲಿ ಅದು ‘ಹಾರ್ನ್‌ಬಿ ರೈಲ್ವೇಸ್’ ಆಯಿತು. ಅಂದರೆ ಈ ಎಂಜಿನ್ನಿಗೆ 50 ವರ್ಷ ದಾಟಿದೆ.

ಇದರ ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ಎರಡು ಹಳಿಗಳಿಗೆ ಗರಿಷ್ಠ 12 ವೋಲ್ಟ್ ಡಿಸಿ ಕರೆಂಟ್ ಕೊಡುತ್ತಾರೆ. ಒಂದು ಹಳಿ ಪ್ಲಸ್, ಇನ್ನೊಂದು ಮೈನಸ್. ಗಾಲಿಗಳು ಹಳಿಯಿಂದ ಕರೆಂಟ್ ಎತ್ತಿಕೊಂಡು ಒಳಗಿನ ಮೋಟಾರಿಗೆ ಕೊಡುತ್ತವೆ. ಪ್ಲಸ್ ಮೈನಸ್ ಅದಲು ಬದಲಾದರೆ ರೈಲು ಹಿಂದಕ್ಕೆ ಓಡುತ್ತದೆ.

ಮೋಟಾರಿನೊಳಗೆ ಎರಡು ಪುಟ್ಟ ಕಾರ್ಬನ್ ಬ್ರಷ್ ಇವೆ. ಮಿಕ್ಸಿ ರಿಪೇರಿ ಮಾಡಿಸುವಾಗ ‘ಕಾರ್ಬನ್ ಸವದೈತಿ, ಬದಲಿಸ್ಬೇಕು’ ಅನ್ನುತ್ತಾರಲ್ಲ, ಅದೇ ವಸ್ತು. ಅವು ತಿರುಗುವ ತಾಮ್ರದ ಉರುಳೆಗೆ ಒತ್ತಿಕೊಂಡಿರುತ್ತವೆ. ಆ ಉರುಳೆಯ ಹೆಸರು ಕಾಮ್ಯುಟೇಟರ್. ಅದರಲ್ಲಿ ಸಾಮಾನ್ಯವಾಗಿ ಮೂರು ತುಂಡು, ತುಂಡುಗಳ ನಡುವೆ ಕೂದಲೆಳೆಯಷ್ಟು ಸಂದು.

ಈಗ ಕರೆಂಟಿನ ದಾರಿಯನ್ನು ನೋಡಿ: ಹಳಿ, ಗಾಲಿ, ಬ್ರಷ್, ಕಾಮ್ಯುಟೇಟರ್, ತಂತಿ ಸುರುಳಿ. ಎಲ್ಲವೂ ಒಂದಕ್ಕೊಂದು ತಾಗಿಕೊಂಡೇ ಕೆಲಸ ಮಾಡಬೇಕು. ಎಲ್ಲಾದರೂ ಒಂದು ಕಡೆ ಜಿಡ್ಡು ಕೂತರೂ ರೈಲು ನಿಲ್ಲುತ್ತದೆ. ಮೋಟಾರು ಸುಟ್ಟಿರಲೇಬೇಕೆಂದಿಲ್ಲ.

ಹೇಳಿಕೆ 1: “ಕೊಬ್ಬರಿ ಎಣ್ಣೆ ಬಿಡಿ”

ಎಣ್ಣೆ ಬಿಟ್ಟರೆ ಯಾವುದೇ ಯಂತ್ರ ಸರಾಗ ಎನ್ನುವ ನಂಬಿಕೆ ನಮ್ಮಲ್ಲಿ ಹಳೆಯದು. ಚಕ್ಕಡಿಯ ಅಚ್ಚಿಗೆ ಕೀಲೆಣ್ಣೆ ಹಾಕಿದವರಿಗೆ ಅದು ಅನುಭವದ ಮಾತು ಕೂಡ. ಆದರೆ ಚಕ್ಕಡಿಯಲ್ಲಿ ಕರೆಂಟ್ ಹರಿಯುವುದಿಲ್ಲ.

ಎಣ್ಣೆಯೊಳಗೆ ಕರೆಂಟ್ ಸಲೀಸಾಗಿ ಹರಿಯದು. ಗಾಲಿಗೂ ಹಳಿಗೂ ನಡುವೆ ಎಣ್ಣೆಯ ಪದರ ಕೂತರೆ ಕರೆಂಟ್ ಮೋಟಾರಿಗೆ ಸರಿಯಾಗಿ ತಲುಪುವುದಿಲ್ಲ. ಸಾಲದ್ದಕ್ಕೆ ಎಣ್ಣೆ ಧೂಳನ್ನು ಹಿಡಿದಿಡುತ್ತದೆ. ಕಾಮ್ಯುಟೇಟರ್ ಮೇಲೆ ಬಿದ್ದರಂತೂ ಬ್ರಷ್ ಸವೆದ ಕಾರ್ಬನ್ ಪುಡಿಯೊಡನೆ ಕಲೆತು ಕರಿ ಹಸಿಯಾಗಿ ಆ ಸಣ್ಣ ಸಂದುಗಳಲ್ಲಿ ತುಂಬಿಕೊಳ್ಳುತ್ತದೆ. ಕಾರ್ಬನ್ನಿನಲ್ಲಿ ಕರೆಂಟ್ ಹರಿಯುತ್ತದೆ. ಹಾಗಾಗಿ ಸುರುಳಿಗೆ ಹೋಗಬೇಕಾದ ಕರೆಂಟ್ ಅಡ್ಡದಾರಿ ಹಿಡಿಯುತ್ತದೆ. ಕಿಡಿ, ಬಿಸಿ, ಸುಟ್ಟ ವಾಸನೆ ಬರುತ್ತವೆ, ಓಟ ಮಾತ್ರ ಇಲ್ಲ.

ಇನ್ನು ಕೊಬ್ಬರಿ ಎಣ್ಣೆಯದೇ ಒಂದು ಗುಣವಿದೆ. ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದರೆ ಅದು ಗಟ್ಟಿಯಾಗುತ್ತದೆ. ಚಳಿಗಾಲದ ಬೆಳಿಗ್ಗೆ ಬಾಟಲಿಯನ್ನು ಬಿಸಿಲಿಗಿಟ್ಟು ಕರಗಿಸಿದ ನೆನಪು ಎಲ್ಲರಿಗೂ ಇದೆ. ಬಾಟಲಿಯಲ್ಲಿ ಆಗುವುದೇ ಎಂಜಿನ್ನಿನ ಸಣ್ಣ ಹಲ್ಲುಗಾಲಿಗಳ ನಡುವೆಯೂ ಆಗುತ್ತದೆ.

ನಮ್ಮ ಓದುಗರ ಮನೆಯಲ್ಲಿ ಹಿಂದೊಮ್ಮೆ ಕುಸುಬಿ ಎಣ್ಣೆಯನ್ನೂ ಬಿಟ್ಟಿದ್ದರಂತೆ. ಅದು ಇನ್ನೂ ಕಷ್ಟ. ಕುಸುಬಿ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ನಿಧಾನಕ್ಕೆ ಅಂಟಾಗಿ, ಕಡೆಗೆ ವಾರ್ನಿಷ್‌ನಂತೆ ಗಟ್ಟಿಯಾಗುತ್ತದೆ. ಈ ಗುಣಕ್ಕಾಗಿಯೇ ಅಗಸೆ ಮತ್ತು ಕುಸುಬಿ ಎಣ್ಣೆಗಳನ್ನು ಬಣ್ಣ ತಯಾರಿಕೆಯಲ್ಲಿ ಬಳಸುತ್ತಾರೆ. ಬೋಂಡಾ ಕರಿಯುವ ಬಾಣಲೆಯ ಅಂಚಿನಲ್ಲಿ ಎಷ್ಟು ತಿಕ್ಕಿದರೂ ಹೋಗದ ಕಂದು ಅಂಟು ಇರುತ್ತದಲ್ಲ? ಎಂಜಿನ್ನಿನ ಅಚ್ಚುಗಳ ಸುತ್ತ ನಮಗೆ ಸಿಕ್ಕಿದ್ದು ಅಂಥದ್ದೇ ಪದರ.

ಹಾಗಾದರೆ ಎಣ್ಣೆಯೇ ಬೇಡವೇ? ಬೇಕು, ಆದರೆ ಹೊಲಿಗೆ ಮೆಷಿನ್ನಿನ ಎಣ್ಣೆ. ಅದು ತೆಳುವಾದ ಖನಿಜ ತೈಲ, ಕುಸುಬಿ ಎಣ್ಣೆಯಂತೆ ಒಣಗಿ ಅಂಟಾಗುವುದಿಲ್ಲ. ಅದೂ ಕೊನೆಯ ಹಂತದಲ್ಲಿ, ಸೂಜಿಯ ತುದಿಯಲ್ಲಿ ನಿಲ್ಲುವಷ್ಟು.

ಹೇಳಿಕೆ 2: “ಹಳಿಯನ್ನು ಸ್ಯಾಂಡ್ ಪೇಪರ್‌ನಿಂದ ಉಜ್ಜಿ”

ಉಜ್ಜಿದ ದಿನ ಹಳಿ ಫಳಫಳ ಹೊಳೆಯುತ್ತದೆ, ರೈಲು ಓಡಲೂಬಹುದು. ಆದರೆ ಸ್ಯಾಂಡ್ ಪೇಪರ್ ಹಳಿಯ ಮೇಲೆ ಸಾವಿರಾರು ಸಣ್ಣ ಗೀರು ಬಿಡುತ್ತದೆ. ಮುಂದೆ ಕೊಳೆ ಆ ಗೀರುಗಳಲ್ಲೇ ಕೂತು ಮೊದಲಿಗಿಂತ ಬೇಗ ಕಟ್ಟುತ್ತದೆ. ಗಾಲಿಗೆ ಮೇಲ್ಲೇಪವಿದ್ದರೆ ಅದೂ ಕಿತ್ತುಹೋಗುತ್ತದೆ. ಟೂತ್‌ಪೇಸ್ಟಿನಲ್ಲೂ ತಿಕ್ಕುವ ಪುಡಿ ಇರುವುದರಿಂದ ಅದೂ ಬೇಡ.

ಹಳಿ ಯಾವ ಲೋಹದ್ದು ಎಂದು ಮೊದಲು ನೋಡಿ. ಫ್ರಿಜ್ ಮೇಲೆ ಅಂಟಿಸುವ ಆಯಸ್ಕಾಂತ ಹಳಿಗೆ ಅಂಟಿದರೆ ಅದು ಉಕ್ಕು, ತುಕ್ಕು ಹಿಡಿಯುತ್ತದೆ. ಅಂಟದೆ ಬೆಳ್ಳಿ ಬಣ್ಣದಲ್ಲಿದ್ದರೆ ಬಹುಶಃ ನಿಕಲ್ ಸಿಲ್ವರ್. ಇದನ್ನೇ ನಮ್ಮಲ್ಲಿ ಜರ್ಮನ್ ಸಿಲ್ವರ್ ಅನ್ನುತ್ತಾರೆ. ಹೆಸರು ಕೇಳಿ ಆಸೆ ಪಡಬೇಡಿ. ಅದು ತಾಮ್ರ, ನಿಕಲ್, ಸತುವಿನ ಮಿಶ್ರಣ, ಅದರಲ್ಲಿ ಬೆಳ್ಳಿ ಇಲ್ಲ. ‘ಹಳೆಯ ಆಟಿಕೆ ರೈಲಿನ ಹಳಿ ಬೆಳ್ಳಿಯದು’ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಎರಡಕ್ಕೂ ಮದ್ದು ಒಂದೇ. ಐಸೋಪ್ರೊಪೈಲ್ ಆಲ್ಕೋಹಾಲ್ ತೊಯಿಸಿದ ಮೆತ್ತನೆ ಬಟ್ಟೆಯಿಂದ ಒರೆಸಿ. ಮೊಬೈಲ್ ರಿಪೇರಿ ಅಂಗಡಿಯವರು ಬೋರ್ಡ್ ಸ್ವಚ್ಛ ಮಾಡಲು ಇದನ್ನೇ ಬಳಸುತ್ತಾರೆ. ಹಟಮಾರಿ ಕಲೆ ಇದ್ದರೆ ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಪುಡಿ ಒರೆಸಿಬಿಡಿ. ಹ್ಯಾಂಡ್ ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ಇದ್ದರೆ ಪಸೆ ಉಳಿಯುತ್ತದೆ. ನೇಲ್ ಪಾಲಿಶ್ ರಿಮೂವರ್ ಬೇಡವೇ ಬೇಡ, ಅದರಲ್ಲಿರುವ ಅಸಿಟೋನ್ ಪ್ಲಾಸ್ಟಿಕ್ ಕವಚವನ್ನು ಕರಗಿಸುತ್ತದೆ. ಪೆಟ್ರೋಲ್, ಸೀಮೆಎಣ್ಣೆಯನ್ನು ಹತ್ತಿರಕ್ಕೂ ತರಬೇಡಿ. ಬ್ರಷ್‌ಗಳಲ್ಲಿ ಕಿಡಿ ಹಾರುವ ಮೋಟಾರು ಇದು.

ಹೇಳಿಕೆ 3: “ಚಾರ್ಜರ್ ವೈರ್ ಕತ್ತರಿಸಿ ಜೋಡಿಸಿ”

ಮೂರರಲ್ಲಿ ಇದೇ ಅತಿ ಕೆಟ್ಟ ಸಲಹೆ.

ಆಟಿಕೆ ರೈಲಿನ ಹಳಿ ಬರಿ ಲೋಹ, ಮೇಲೆ ಯಾವ ಹೊದಿಕೆಯೂ ಇಲ್ಲ. ಮಕ್ಕಳು ಅದನ್ನು ಕೈಯಲ್ಲಿ ಮುಟ್ಟುತ್ತಾರೆ, ಅದರ ಮೇಲೆ ಬಗ್ಗುತ್ತಾರೆ. ಅಂಥ ಹಳಿ ಅಪಾಯವಾಗದೆ ಇರುವುದು ಒಂದೇ ಕಾರಣಕ್ಕೆ: ಗೋಡೆಯ 230 ವೋಲ್ಟಿಗೂ ಹಳಿಯ 12 ವೋಲ್ಟಿಗೂ ನಡುವೆ ಒಂದು ಒಳ್ಳೆಯ ಟ್ರಾನ್ಸ್‌ಫಾರ್ಮರ್ ಗೋಡೆಯಂತೆ ನಿಂತಿರುತ್ತದೆ. ಕಳಪೆ ಚಾರ್ಜರ್‌ನಲ್ಲಿ ಆ ಗೋಡೆ ತೆಳು. ಅದು ಒಡೆದರೆ 230 ವೋಲ್ಟ್ ನೇರ ಹಳಿಗೆ ಬರಬಹುದು. ಸಾಧಾರಣ ಫೋನ್ ಚಾರ್ಜರ್ ಕೊಡುವುದು 5 ವೋಲ್ಟ್, ಅದರಿಂದ ಈ ಎಂಜಿನ್ ಸರಿಯಾಗಿ ಓಡುವುದೂ ಇಲ್ಲ. “ಓಡಲಿಲ್ಲ, ಇನ್ನೂ ದೊಡ್ಡದಕ್ಕೆ ಹಚ್ಚೋಣ” ಎನ್ನುವ ಮುಂದಿನ ಯೋಚನೆಯೇ ಪ್ರಾಣಕ್ಕೆ ಕುತ್ತು.

ವಿದೇಶದಿಂದ ನೆಂಟರು ತಂದ ಸೆಟ್ ಇದ್ದವರು ಇನ್ನೊಂದು ಮಾತು ಗಮನಿಸಿ. ಅಮೆರಿಕದ ಮನೆಗಳಲ್ಲಿ ಕರೆಂಟ್ 120 ವೋಲ್ಟ್. ಅಲ್ಲಿಯ ಟ್ರಾನ್ಸ್‌ಫಾರ್ಮರನ್ನು ನಮ್ಮ 230 ವೋಲ್ಟಿಗೆ ಹಾಕಿದರೆ ಸುಟ್ಟುಹೋಗುತ್ತದೆ. ಅಂಗಡಿಯಲ್ಲಿ ಸಿಗುವ ಪ್ಲಗ್ ಕನ್ವರ್ಟರ್ ಪಿನ್ನಿನ ಆಕಾರವನ್ನಷ್ಟೇ ಬದಲಿಸುತ್ತದೆ, ವೋಲ್ಟನ್ನು ಬದಲಿಸುವುದಿಲ್ಲ. ಟ್ರಾನ್ಸ್‌ಫಾರ್ಮರ್ ಬೆನ್ನಿನ ಮೇಲೆ ಬರೆದ ಅಂಕಿ ಓದದೆ ಸ್ವಿಚ್ ಒತ್ತಬೇಡಿ. ಜೊತೆಗೆ, ಎಲ್ಲಾ ಆಟಿಕೆ ರೈಲುಗಳೂ ಡಿಸಿ ಅಲ್ಲ. ಜರ್ಮನಿಯ ಮಾರ್ಕ್ಲಿನ್ ಮತ್ತು ಅಮೆರಿಕದ ಲಯೋನೆಲ್ ಕಂಪನಿಗಳ ಹಳೆಯ ಎಂಜಿನ್‌ಗಳು ಬಹುಪಾಲು ಎಸಿಯವು.

ಹಂಸಭಾವಿಯ ಸೆಟ್ಟಿನ ಮೂಲ ಟ್ರಾನ್ಸ್‌ಫಾರ್ಮರ್ ಸಿಕ್ಕಿತು. ಆದರೆ ಅದರ ವೈರಿನ ರಬ್ಬರ್ ಬೆರಳಲ್ಲಿ ಪುಡಿಯಾಗುತ್ತಿತ್ತು. ಅದನ್ನು ನಾವು ಬಳಸಲಿಲ್ಲ. ಪರೀಕ್ಷೆಗೆ 9 ವೋಲ್ಟಿನ ಚೌಕ ಬ್ಯಾಟರಿ ಸಾಕು.

ನಾವು ಮಾಡಿದ ಕ್ರಮ

1. ಬಿಚ್ಚುವ ಮೊದಲು ಫೋಟೋ. ಪ್ರತಿ ಹಂತಕ್ಕೂ ಒಂದು. ಸ್ಕ್ರೂಗಳನ್ನು ತೂತಿಲ್ಲದ ಇಡ್ಲಿ ತಟ್ಟೆಯಲ್ಲಿ, ಬಿಚ್ಚಿದ ಕ್ರಮದಲ್ಲೇ ಒಂದೊಂದು ಗುಳಿಗೆ ಒಂದೊಂದರಂತೆ ಇಟ್ಟೆವು.

2. ಕವಚ ಬೇರೆ, ಮೋಟಾರು ಬೇರೆ. ಪ್ಲಾಸ್ಟಿಕ್ ಕವಚಕ್ಕೆ ಉಗುರು ಬೆಚ್ಚಗಿನ ಸೋಪು ನೀರು, ಮೆತ್ತನೆ ಬ್ರಷ್. ಕಾಗದದ ಚೀಟಿ ಅಂಟಿಸಿದ್ದರೆ ಅಲ್ಲಿ ನೀರು ತಾಗಿಸಬೇಡಿ. ಮೋಟಾರಿಗೆ ನೀರೇ ಬೇಡ.

3. ಕೂದಲು, ದಾರ ತೆಗೆಯುವುದು. ಅಚ್ಚುಗಳಿಗೆ ಸುತ್ತಿದ ಕೂದಲು, ಕಂಬಳಿಯ ಎಳೆಗಳನ್ನು ಚಿಮಟದಿಂದ ಬಿಡಿಸಿದೆವು.

4. ಗಾಲಿ. ಆಲ್ಕೋಹಾಲ್ ತೊಯಿಸಿದ ಹತ್ತಿ ಕಡ್ಡಿಯಿಂದ ಪ್ರತಿ ಗಾಲಿಯ ಅಂಚು ಮತ್ತು ಹಿಂಭಾಗ ಒರೆಸಿದೆವು. ಇಪ್ಪತ್ತಕ್ಕೂ ಹೆಚ್ಚು ಕಡ್ಡಿ ಕಪ್ಪಾದವು.

5. ಕಾಮ್ಯುಟೇಟರ್. ಮೊದಲು ಆಲ್ಕೋಹಾಲ್. ಬಳಿಕ ಮರದ ಟೂತ್‌ಪಿಕ್‌ನಿಂದ ಮೂರು ಸಂದುಗಳ ಕರಿ ಹಸಿಯನ್ನು ಹಗುರವಾಗಿ ಕೆರೆದೆವು. ಪಿನ್ನು, ಬ್ಲೇಡು ಬಳಸಿದರೆ ತಾಮ್ರಕ್ಕೆ ಗೀರು ಬೀಳುತ್ತದೆ.

6. ಹಲ್ಲುಗಾಲಿ. ಗಟ್ಟಿಯಾದ ಎಣ್ಣೆ ಇಲ್ಲಿಯೇ ಹೆಚ್ಚು. ಹಳೆಯ ಟೂತ್‌ಬ್ರಷ್, ಆಲ್ಕೋಹಾಲ್, ತಾಳ್ಮೆ. ಒಂದೂವರೆ ಗಂಟೆ ಹಿಡಿಯಿತು.

7. ಒಣಗಲು ಬಿಡುವುದು. ಆಲ್ಕೋಹಾಲ್ ಬೆಂಕಿ ಹಿಡಿಯುವ ದ್ರವ. ಕಿಟಕಿ ತೆರೆದಿಡಿ, ವಾಸನೆ ಪೂರ್ತಿ ಹೋಗುವವರೆಗೆ ಬ್ಯಾಟರಿ ಮುಟ್ಟಿಸಬೇಡಿ.

8. ಎಣ್ಣೆ. ಅಚ್ಚಿನ ಎರಡು ತುದಿ, ಮೋಟಾರ್ ಶಾಫ್ಟಿನ ಎರಡು ತುದಿ. ಒಂದೊಂದು ಕಡೆ ಸೂಜಿ ತುದಿಯಷ್ಟು ಹೊಲಿಗೆ ಮೆಷಿನ್ ಎಣ್ಣೆ. ಕಾಮ್ಯುಟೇಟರ್‌ಗೆ ತಾಗಬಾರದು.

9. ಪರೀಕ್ಷೆ. ಬ್ಯಾಟರಿಯ ಎರಡು ವೈರನ್ನು ಎಡ ಬಲ ಗಾಲಿಗಳಿಗೆ ಎರಡು ಸೆಕೆಂಡ್ ಮುಟ್ಟಿಸುವುದು. ತಿರುಗದಿದ್ದರೆ ಕೂಡಲೇ ತೆಗೆಯಿರಿ. ನಿಂತ ಮೋಟಾರಿನಲ್ಲಿ ಕರೆಂಟ್ ಹೆಚ್ಚು ಹರಿದು ಸುರುಳಿ ಬಿಸಿಯಾಗುತ್ತದೆ.

ಬಿಚ್ಚಬಾರದ್ದು, ಕೆರೆಯಬಾರದ್ದು

*ಆಯಸ್ಕಾಂತ.* ಈ ಕಾಲದ ಮೋಟಾರುಗಳಲ್ಲಿ ಹೆಚ್ಚಾಗಿ ಆಲ್ನಿಕೋ ಎಂಬ ಮಿಶ್ರಲೋಹದ ಆಯಸ್ಕಾಂತವಿರುತ್ತದೆ. ನಡುವೆ ತಿರುಗುವ ಸುರುಳಿಯನ್ನು ಹೊರಗೆ ತೆಗೆದರೆ ಅದು ಶಕ್ತಿ ಕಳೆದುಕೊಳ್ಳಬಹುದು. ಮತ್ತೆ ಜೋಡಿಸಿದಾಗ ಎಂಜಿನ್ ಸೊರಗಿದಂತೆ ಓಡುತ್ತದೆ, ಬಿಸಿಯೂ ಆಗುತ್ತದೆ. ಹಾಗಾಗಿ ಸುರುಳಿ ಇದ್ದಲ್ಲೇ ಇರಲಿ, ಇದ್ದಲ್ಲೇ ಸ್ವಚ್ಛ ಮಾಡಿ.

*ಬ್ರಷ್ ಸ್ಪ್ರಿಂಗ್‌ನ ತೋಳು.* ಟ್ರೈ-ಆಂಗ್ ಮೋಟಾರುಗಳಲ್ಲಿ ಸ್ಪ್ರಿಂಗ್‌ನ ಒಂದು ತೋಳಿಗೆ ಮಾತ್ರ ಸಣ್ಣ ಕೊಳವೆಯಂಥ ಹೊದಿಕೆ ಇರುತ್ತದೆ. ಅದು ಕಸವಲ್ಲ. ಅದನ್ನು ಬಿಸಾಡಿದರೆ ಮೋಟಾರು ಶಾರ್ಟ್ ಆಗುತ್ತದೆ.

*ಹಳೆಯ ಬಣ್ಣ.* ಹಿಂದಿನ ಆಟಿಕೆಗಳ ಬಣ್ಣದಲ್ಲಿ ಸೀಸ ಇರಬಹುದು. ಅಮೆರಿಕ 1978ರಲ್ಲಿ ಮನೆಬಳಕೆಯ ಸೀಸದ ಬಣ್ಣವನ್ನು ನಿಷೇಧಿಸಿತು. ಭಾರತದಲ್ಲಿ ಮನೆಗೆ ಬಳಿಯುವ ಬಣ್ಣಕ್ಕೆ ದಶಲಕ್ಷಕ್ಕೆ 90 ಭಾಗದ ಮಿತಿ ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಸೀಸ ಮಕ್ಕಳ ಮೆದುಳಿನ ಬೆಳವಣಿಗೆಗೆ ಮಾರಕ. ಹಳೆಯ ಬಣ್ಣವನ್ನು ಕೆರೆಯಬೇಡಿ, ಉಜ್ಜಿ ಪುಡಿ ಎಬ್ಬಿಸಬೇಡಿ. ಎದ್ದೇಳುತ್ತಿರುವ ಬಣ್ಣವಿದ್ದರೆ ಅದನ್ನು ಸಣ್ಣ ಮಕ್ಕಳ ಕೈಗೆ ಕೊಡಬೇಡಿ.

*ಬಿರುಕು ಬಿಟ್ಟ ಲೋಹ.* 1920ರಿಂದ 1950ರ ದಶಕದವರೆಗಿನ ಕೆಲವು ಎಂಜಿನ್‌ಗಳ ಎರಕದ ಭಾಗ ತಾನಾಗಿಯೇ ಉಬ್ಬಿ, ಬಿರುಕು ಬಿಟ್ಟು ಪುಡಿಯಾಗುತ್ತದೆ. ಅದು ತುಕ್ಕಲ್ಲ. ಸತುವಿನ ಎರಕದಲ್ಲಿ ಸೀಸದಂಥ ಕಲಬೆರಕೆ ಸೇರಿದ್ದರಿಂದ ಒಳಗಿನಿಂದಲೇ ಆಗುವ ಸವೆತ. ಯಾವ ಎಣ್ಣೆ, ಯಾವ ಅಂಟೂ ಅದನ್ನು ನಿಲ್ಲಿಸುವುದಿಲ್ಲ.

*ಕೀಲಿ ಕೊಡುವ ಎಂಜಿನ್.* ಅದರ ಸ್ಪ್ರಿಂಗ್ ಡಬ್ಬಿಯನ್ನು ಬಿಚ್ಚಬೇಡಿ. ಸುತ್ತಿಕೊಂಡ ಉಕ್ಕಿನ ಪಟ್ಟಿ ಒಮ್ಮೆಲೇ ಬಿಚ್ಚಿಕೊಂಡರೆ ಕೈ ಕತ್ತರಿಸುತ್ತದೆ.

ನಿಮ್ಮದು ಸೆಲ್ ಹಾಕುವ ರೈಲಾಗಿದ್ದರೆ

ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿರುವುದು ಜಾತ್ರೆಯಲ್ಲಿ ಕೊಂಡ, ಸೆಲ್ ಹಾಕುವ ರೈಲು. ಸೆಲ್ ಸೋರಿ ಪುಡಿ ಕಟ್ಟಿದ್ದರೆ ‘ಅದು ಆಸಿಡ್, ಅಡುಗೆ ಸೋಡಾ ಹಾಕಿ’ ಎನ್ನುವ ಸಲಹೆ ಓಡಾಡುತ್ತದೆ. ಸೆಲ್ ಮೇಲೆ ‘ಆಲ್ಕಲೈನ್’ ಎಂದಿದ್ದರೆ ಸೋರುವುದು ಆಮ್ಲವಲ್ಲ, ಪ್ರತ್ಯಾಮ್ಲ. ಅದಕ್ಕೆ ಸೋಡಾ ಉಪಯೋಗಕ್ಕೆ ಬಾರದು. ಎರಡು ಹನಿ ನಿಂಬೆರಸ ಅಥವಾ ವಿನೆಗರ್ ಹತ್ತಿ ಕಡ್ಡಿಯಲ್ಲಿ ಹಚ್ಚಿ, ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ. ಅಗ್ಗದ ಜಿಂಕ್ ಕಾರ್ಬನ್ ಸೆಲ್ ಆಗಿದ್ದರೆ ಮಾತ್ರ ಸೋರುವುದು ಆಮ್ಲೀಯ, ಒದ್ದೆ ಬಟ್ಟೆಯಿಂದ ಚೆನ್ನಾಗಿ ಒರೆಸಿದರೆ ಸಾಕು. ಎರಡರಲ್ಲೂ ಕೈಗವಸು ಹಾಕಿಕೊಳ್ಳಿ, ಕಣ್ಣು ಮುಟ್ಟಬೇಡಿ.

ಓಡುವ ಪುಟ್ಟ ರೈಲು ನೋಡಬೇಕೆ?

ಪುಟ್ಟ ರೈಲಿನ ಹುಚ್ಚು ಮಕ್ಕಳದ್ದಷ್ಟೇ ಅಲ್ಲ. ಗ್ವಾಲಿಯರ್‌ನ ಜೈ ವಿಲಾಸ್ ಅರಮನೆಯ ಊಟದ ಮೇಜಿನ ಮೇಲೆ ಅತಿಥಿಗಳಿಗೆ ಪಾನೀಯ ಒಯ್ಯುತ್ತಿದ್ದ ಬೆಳ್ಳಿಯ ಪುಟ್ಟ ರೈಲು ಇಂದಿಗೂ ಇದೆ. ಪುಣೆಯ ಕೋಥ್ರೂಡ್‌ನಲ್ಲಿ ಬಿ. ಎಸ್. ಜೋಶಿ ಅವರು ಕಟ್ಟಿದ ಪುಟ್ಟ ರೈಲುಗಳ ಮ್ಯೂಸಿಯಂ 1998ರಿಂದ ಜನರಿಗೆ ತೆರೆದಿದೆ. ನಿಜವಾದ ಹಳೆಯ ಎಂಜಿನ್‌ಗಳನ್ನು ಹತ್ತಿರದಿಂದ ನೋಡಲು 1979ರಲ್ಲಿ ಆರಂಭವಾದ ಮೈಸೂರಿನ ರೈಲ್ವೆ ಮ್ಯೂಸಿಯಂ ಇದೆ. ಹಾವೇರಿ ಕಡೆಯವರಿಗೆ ಇನ್ನೂ ಹತ್ತಿರವೆಂದರೆ 2020ರಲ್ಲಿ ತೆರೆದ ಹುಬ್ಬಳ್ಳಿಯದು.

ಕೊನೆಗೆ ಹಂಸಭಾವಿಯ ಎಂಜಿನ್ ಏನಾಯಿತು?

ಮೊದಲ ಸಲ ಬ್ಯಾಟರಿ ಮುಟ್ಟಿಸಿದಾಗ ಏನೂ ಆಗಲಿಲ್ಲ. ಹಲ್ಲುಗಾಲಿಯ ಒಂದು ಸಂದಿಯಲ್ಲಿ ಅಂಟು ಉಳಿದಿತ್ತು. ಮತ್ತೆ ಕೆರೆದೆವು. ಎರಡನೇ ಸಲ ಗುಂಯ್ ಎಂದು ಗಾಲಿ ಅರ್ಧ ಸುತ್ತು ತಿರುಗಿ ನಿಂತಿತು. ಬೆರಳಿನಿಂದ ಸ್ವಲ್ಪ ತಳ್ಳಿ ಮೂರನೇ ಸಲ ಮುಟ್ಟಿಸಿದಾಗ ತಿರುಗಿತು, ನಿಲ್ಲಲಿಲ್ಲ. ಒರೆಸಿದ ನಾಲ್ಕು ಹಳಿ ತುಂಡುಗಳನ್ನು ಪಡಸಾಲೆಯಲ್ಲಿ ಜೋಡಿಸಿ, ಅದರ ಮೇಲೆ ಇಟ್ಟೆವು. ಈ ಗೋಡೆಯಿಂದ ಆ ಗೋಡೆಯ ಕಡೆಗೆ ತೆವಳುತ್ತಾ ಹೋಯಿತು. ಮೊದಲಿನ ವೇಗವಿಲ್ಲ, ಒಂದು ಹಲ್ಲುಗಾಲಿ ಸವೆದಿದೆ.

“ಅಣ್ಣ ತಂದ ದಿನಾನೂ ಹಿಂಗ ನೆಲದ ಮ್ಯಾಲ ಕುಂತು ನೋಡಿದ್ವಿ” ಅಂದರು ಅಜ್ಜಾರು. ಮೊಮ್ಮಗ ಬ್ಯಾಟರಿಯ ವೈರನ್ನು ತಿರುವಿ ಹಿಡಿದ. ರೈಲು ಹಿಂದಕ್ಕೆ ಬಂತು. ಪ್ಲಸ್ ಮೈನಸ್ ಪಾಠ ಅವನಿಗೆ ಅಲ್ಲೇ ಆಯಿತು.

ಮೂಲ ಟ್ರಾನ್ಸ್‌ಫಾರ್ಮರನ್ನು ಯಾರೂ ಬಳಸದಂತೆ ಅದರ ಪ್ಲಗ್ ಕತ್ತರಿಸಿ ಡಬ್ಬಿಯಲ್ಲೇ ಇಟ್ಟಿದ್ದಾರೆ. ಮುಂದೆ ಓಡಿಸಲು ಬಿಐಎಸ್ ಗುರುತಿನ ಅಡಾಪ್ಟರ್ ಮತ್ತು ವೇಗ ನಿಯಂತ್ರಿಸುವ ಕಂಟ್ರೋಲರ್ ತರಿಸಬೇಕು. ಅಡಾಪ್ಟರನ್ನು ನೇರವಾಗಿ ಹಳಿಗೆ ಜೋಡಿಸಿದರೆ ಪೂರ್ತಿ 12 ವೋಲ್ಟ್ ಒಮ್ಮೆಲೇ ಹರಿದು ಎಂಜಿನ್ ತಿರುವಿನಲ್ಲಿ ಹಾರಿ ಬೀಳುತ್ತದೆ.

ಐದು ನಿಮಿಷದ ಕೆಲಸ ಎಂದ ಆ ಮೆಸೇಜ್ ನಿಮಗೂ ಬಂದಿದ್ದರೆ ಮುಂದೆ ಕಳಿಸಬೇಡಿ. ನಮಗೆ ಹಿಡಿದದ್ದು ಸುಮಾರು ನಾಲ್ಕು ಗಂಟೆ, ಒಂದು ಸಣ್ಣ ಬಾಟಲಿ ಆಲ್ಕೋಹಾಲ್, ಒಂದು ಡಬ್ಬಿ ಹತ್ತಿ ಕಡ್ಡಿ. ನಿಮ್ಮ ಗ್ರೂಪಿನಲ್ಲಿ ಯಾರಾದರೂ ಚಾರ್ಜರ್ ವೈರ್ ಕತ್ತರಿಸಲು ಕೂತಿದ್ದರೆ, ಮೊದಲು ಅವರಿಗೆ ಫೋನ್ ಮಾಡಿ. ಲೇಖನ ಆಮೇಲೆ ಕಳಿಸಿದರೂ ನಡೆಯುತ್ತದೆ.